ಹತ್ತು ಮೀನಿಗೆ ಎಷ್ಟು ದಾರಿ

ಹಲ್ಲು ಕೀಳಿಸಿಕೊಂಡ ಮಗುವಿಗೆ ಸಿಗುವುದು ಹೆಚ್ಚೆಂದರೆ ಒಂದು ಬಲೂನು. ಚೂಟಿಗೆ ಸಿಕ್ಕಿದ್ದು ಹತ್ತು ಮೀನು.

ಹಲ್ಲಿನ ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚುತ್ತಿದ್ದರು. ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಇದ್ದ ಗಾಜಿನ ತೊಟ್ಟಿ ಒಂದು ಹೋಟೆಲಿಗೆ ಹೋಗುವುದೆಂದು ಆಗಲೇ ಮಾತಾಗಿತ್ತು. ಆದರೆ ಹೋಟೆಲಿನವರಿಗೆ ಬೇಕಿದ್ದದ್ದು ಅಂಗೈಯಗಲದ ಮೀನು. ಬೆರಳ ಗೆಣ್ಣಿನಷ್ಟಿದ್ದ ನೀಲಿ ಪಟ್ಟೆಯ ಈ ಹತ್ತು ಪುಟಾಣಿಗಳು ಯಾರಿಗೂ ಬೇಡವಾಗಿದ್ದವು. ಏಳು ವರ್ಷದ ಚೂಟಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಒಂದು ಹನಿ ಕಣ್ಣೀರು ಹಾಕದೆ, ಆ ತೊಟ್ಟಿಗೆ ಮೂಗೊತ್ತಿ ನಿಂತಿದ್ದನ್ನು ನರ್ಸಕ್ಕ ನೋಡಿದಳು. ಇವಳಿಗೇ ಕೊಡೋಣ ಅಂದಳು.

ಆದರೆ ನರ್ಸಕ್ಕ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಮಾತಾಡುವವಳಲ್ಲ. ಭಾನುವಾರ ಮೀನು ತಾನೇ ಮನೆಗೆ ತರುತ್ತೇನೆ, ಅಷ್ಟರಲ್ಲಿ ತೊಟ್ಟಿ ತಂದು, ಒಂದು ದಿನ ಮೊದಲೇ ನೀರು ತುಂಬಿಸಿ ಇಟ್ಟಿರಬೇಕು ಎಂದು ಚೂಟಿಯ ಅಮ್ಮನಿಗೆ ತಾಕೀತು ಮಾಡಿದಳು. ಬಾಟಲಿ, ಬೋಗುಣಿ ತೋರಿಸಿದರೆ ಮೀನು ಬಂದ ದಾರಿಯಲ್ಲೇ ವಾಪಸ್. ಅದರ ಮುಂದಿನ ಭಾನುವಾರ ಮತ್ತೆ ಬಂದು ನೋಡುತ್ತೇನೆ, ಚೆನ್ನಾಗಿಲ್ಲ ಅನಿಸಿದರೆ ಎತ್ತಿಕೊಂಡು ಹೋಗುತ್ತೇನೆ, ಬ್ಯಾಂಕಿನ ಮ್ಯಾನೇಜರೂ ಕೇಳಿದ್ದಾರೆ, ಅವರ ಹತ್ತಿರ ದೊಡ್ಡ ತೊಟ್ಟಿಯಿದೆ ಎಂದೂ ಸೇರಿಸಿದಳು. ಚೂಟಿ ಹತ್ತಿಯ ಹಿಂದಿನಿಂದಲೇ ಹೂಂ ಅಂದಳು.

ಚೂಟಿಯ ಅಮ್ಮ ಹೂಂ ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಮನೆ ಎಂದರೆ ಎರಡು ಕೋಣೆ, ಒಂದು ಅಡಿಗೆಮನೆ. ಮುಂದಿನ ಕೋಣೆ ಅವಳ ಹೊಲಿಗೆಯದು. ಕಿಟಕಿಯ ಕೆಳಗೆ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಒಂದು ಗೋಡೆಗೆ ಬೀರು, ಇನ್ನೊಂದು ಗೋಡೆಗೆ ಗಿರಾಕಿಗಳು ಕೂರುವ ಮರದ ಬೆಂಚು. ಮೇಲೆ ಹಗ್ಗದಲ್ಲಿ ತೂಗುವ ಅರೆಬರೆ ಫ್ರಾಕುಗಳು, ಒಂದೇ ತೋಳಿನ ಅಂಗಿಗಳು. ಶಾಲೆಗಳು ಆಗಷ್ಟೇ ಶುರುವಾಗಿದ್ದ ಕಾಲ ಬೇರೆ. ಯೂನಿಫಾರ್ಮಿನ ಬಟ್ಟೆ ಕುರ್ಚಿಯ ಮೇಲೂ ಇತ್ತು, ಕುರ್ಚಿಯ ಕೆಳಗೂ ಇತ್ತು. ಲಾರಿ ಓಡಿಸುವ ಗಂಡ ದೂರದ ಯಾವುದೋ ಹೆದ್ದಾರಿಯಿಂದ ಫೋನಿನಲ್ಲಿ ಮೀನಿನ ಸುದ್ದಿ ಕೇಳಿ, ತಾನು ಬಂದಾಗ ಮಲಗಲು ಜಾಗ ಉಳಿದಿರುತ್ತದೋ ಅಥವಾ ತನಗೂ ಒಂದು ತೊಟ್ಟಿ ನೋಡಬೇಕೋ ಎಂದು ವಿಚಾರಿಸಿದ.

ಅವಳು ಮಿಷನ್ನಿಗೂ ಬೀರುವಿಗೂ ನಡುವಿನ ಮೂಲೆಯನ್ನು ಟೇಪು ಹಿಡಿದು ಅಳೆದಳು. ಒಂದಡಿ ಅಗಲ, ಒಂದಡಿ ಉದ್ದ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಚೌಕ ಬರೆದು, ಇದರಾಚೆ ದಾರದೆಳೆಯಷ್ಟೂ ಬರಬಾರದು ಎಂದು ಮಗಳಿಗೂ ಮಾವನಿಗೂ ತೋರಿಸಿದಳು.

ಮಾವನಿಗೆ ಅಷ್ಟೇ ಬೇಕಿತ್ತು. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವರು ಅವರು. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ತುಂಬಿದ ಬಸ್ಸಿನಲ್ಲಿ ಇನ್ನೂ ಆರು ಜನಕ್ಕೆ ಜಾಗ ಹುಟ್ಟಿಸಿದವರು. ಜಾಗವಿಲ್ಲ ಎಂಬ ಮಾತು ಅವರ ಕಿವಿಗೆ ಯಾವತ್ತೂ ಪೂರ್ತಿ ಇಳಿದದ್ದಿಲ್ಲ. ನಿವೃತ್ತಿಯಾಗಿ ಮೂರು ವರ್ಷವಾದರೂ, ಅಡಿಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಒಳಗೆ ನಡೀರಿ, ಒಳಗೆ ಖಾಲಿ ಇದೆ ಅನ್ನುತ್ತಿದ್ದರು. ತೊಟ್ಟಿಯ ಜವಾಬ್ದಾರಿ ತಮ್ಮದು ಎಂದು ಮೊಮ್ಮಗಳ ತಲೆ ಸವರಿ, ಟೇಪನ್ನು ಜೇಬಿಗೆ ಹಾಕಿಕೊಂಡು ಬಣ್ಣದ ಮೀನಿನ ಅಂಗಡಿಗೆ ಹೋದರು.

ಬರುವಾಗ ಆಟೋದಲ್ಲಿ ಬಂದರು. ತೊಡೆಯ ಮೇಲೆ ಗಾಜಿನ ಗೋಪುರದಂಥ ಒಂದು ತೊಟ್ಟಿ. ಒಂದಡಿ ಉದ್ದ, ಒಂದಡಿ ಅಗಲ, ಎರಡಡಿ ಎತ್ತರ. ಸೀಮೆಸುಣ್ಣದ ಚೌಕದೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಂಗಡಿಯವನು ಎರಡಡಿ ಉದ್ದದ ಮಲಗಿದ ತೊಟ್ಟಿಯನ್ನೂ ತೋರಿಸಿದ್ದನಂತೆ. ಎರಡರಲ್ಲೂ ಹಿಡಿಯುವ ನೀರು ಒಂದೇ, ಐವತ್ತು ಲೀಟರಿನ ಮೇಲೆ ಎಂದು ಅವನೇ ಒಪ್ಪಿಕೊಂಡನಂತೆ. ಮತ್ತೆ ನೆಲ ಯಾಕೆ ಸುಮ್ಮನೆ ತಿನ್ನಬೇಕು? ಮಾವ ಸೊಸೆಯನ್ನು ಕರೆದು, ಗಾಜಿನ ಮಧ್ಯಕ್ಕೆ ಬೆರಳಿಟ್ಟು ತೋರಿಸಿದರು.

"ನೋಡಮ್ಮ, ಡಬಲ್ ಡೆಕ್ಕರ್. ಮೇಲೆ ಐದು, ಕೆಳಗೆ ಐದು. ಎಲ್ಲರಿಗೂ ಸೀಟು, ಯಾರೂ ನಿಂತ್ಕೊಳ್ಳೋ ಹಂಗಿಲ್ಲ."

ಅವಳಿಗೆ ನಗು ಬಂತು, ಸಮಾಧಾನವೂ ಆಯಿತು. ಮೂಲೆ ಮೂಲೆಯಾಗಿಯೇ ಉಳಿದಿತ್ತು, ಮೇಜಿನ ಸುತ್ತ ಓಡಾಡುವ ದಾರಿ ಹಾಗೇ ಇತ್ತು. ಚೂಟಿಗಂತೂ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಭಾನುವಾರ ನರ್ಸಕ್ಕ ಒಂದು ಕೈಯಲ್ಲಿ ಮೀನಿನ ಚೀಲ, ಇನ್ನೊಂದರಲ್ಲಿ ಹಳೆಯ ತೊಟ್ಟಿಯ ಫಿಲ್ಟರು ಹಿಡಿದು ಬಂದಳು. ಫಿಲ್ಟರಿನ ಕಂದು ಸ್ಪಂಜನ್ನು ನೋಡಿ ಚೂಟಿಯ ಅಮ್ಮ ತೊಳೆಯಲು ಎತ್ತಿಕೊಂಡರೆ, ಆಕೆ ತಟ್ಟನೆ ಕಸಿದುಕೊಂಡಳು. ಆ ಕೊಳೆಯಂತೆ ಕಾಣುವುದರಲ್ಲೇ ನೀರನ್ನು ಶುದ್ಧ ಮಾಡುವ ಜೀವಗಳಿವೆ, ನಲ್ಲಿಯ ಕೆಳಗೆ ಹಿಡಿದು ಉಜ್ಜಿದರೆ ಎಲ್ಲ ಸತ್ತುಹೋಗುತ್ತವೆ ಎಂದು ತಿಳಿಹೇಳಿದಳು. ತೊಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು. ತುಟಿ ಒಂದು ಮೂಲೆಗೆ ಹೋಯಿತು. ಏನೋ ಹೇಳಬೇಕೆಂದುಕೊಂಡವಳು, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದ ಮಾವನನ್ನೂ ಉಸಿರು ಬಿಗಿಹಿಡಿದ ಹುಡುಗಿಯನ್ನೂ ನೋಡಿ ಅದನ್ನು ನುಂಗಿಕೊಂಡಳು.

"ಇವಿನ್ನೂ ಮರಿಗಳು, ಇದರ ಎರಡರಷ್ಟಾಗ್ತವೆ. ಇರ್ಲಿ, ಮುಂದಿನ ಭಾನುವಾರ ನೋಡೋಣ," ಎಂದಷ್ಟೇ ಹೇಳಿ ಹೋದಳು.

ಮೀನುಗಳು ಒಳಗಿಳಿದವು. ಹತ್ತೂ ಮೇಲಿನ ಅಂತಸ್ತಿನಲ್ಲೇ ಉಳಿದವು. ಕೆಳಗಿನದು ಖಾಲಿ.

ಹೊಸ ಜಾಗ, ಹೆದರಿಕೊಂಡಿವೆ ಎಂದು ಮಾವ ಮೊದಲ ದಿನ ಸಮಾಧಾನ ಹೇಳಿದರು. ಎರಡನೆಯ ದಿನ ಗಾಜಿನ ಕೆಳಭಾಗವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಇಲ್ಲಿ ಖಾಲಿ ಇದೆ ನೋಡ್ರಪ್ಪ, ಇಳೀರಿ, ಇಳೀರಿ ಎಂದು ಕರೆದರು. ಒಂದೆರಡು ಇಳಿದಂತೆ ಮಾಡಿ ಮತ್ತೆ ಮೇಲೇರಿದವು. ಮೀನುಗಳದು ಒಂದೇ ಕೆಲಸ: ಒಂದಡಿ ಓಡುವುದು, ಗಾಜಿಗೆ ಮೂಗು ತಾಗುವಷ್ಟರಲ್ಲಿ ತಿರುಗುವುದು, ಮತ್ತೆ ಒಂದಡಿ ಓಡುವುದು. ತಿರುಗುವ ಜಾಗದಲ್ಲಿ ಒಂದಕ್ಕೊಂದು ಡಿಕ್ಕಿ. ಡಿಕ್ಕಿಯಾದ ಮೇಲೆ ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗುವುದು. ಹೋಗಲು ಜಾಗವಿಲ್ಲದೆ ಚಿಕ್ಕದು ಮೂಲೆಗೆ ಸಿಕ್ಕಿಬೀಳುವುದು. ಬುಧವಾರದ ಹೊತ್ತಿಗೆ ಚಿಕ್ಕದೊಂದರ ಬಾಲ ಹರಿದಿತ್ತು. ಅದು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಒಂದೇ ಕಡೆ ತೇಲುತ್ತಿತ್ತು. ಚೂಟಿ ಶಾಲೆಯ ಚೀಲವನ್ನೂ ಇಳಿಸದೆ ಅದನ್ನೇ ನೋಡುತ್ತಾ ನಿಂತಳು. ಭಾನುವಾರಕ್ಕೆ ಎಷ್ಟು ದಿನ ಉಳಿಯಿತು ಎಂದು ಮಾತ್ರ ಅಮ್ಮನನ್ನು ಕೇಳಿದಳು.

ಆ ಸಂಜೆ ತಾತನಿಗೆ ಅವಳು ಒಂದು ಉಪಾಯವನ್ನೂ ಕೊಟ್ಟಳು: ತೊಟ್ಟಿಯನ್ನು ಹಾಗೇ ಮಲಗಿಸಿಬಿಟ್ಟರೆ? ಮಲಗಿಸಿದರೆ ಬಾಯಿ ಪಕ್ಕಕ್ಕೆ ಬರುತ್ತದೆ, ನೀರೆಲ್ಲ ನಿಮ್ಮಮ್ಮನ ಯೂನಿಫಾರ್ಮಿನ ಮೇಲೆ ಎಂದು ತಾತ ನಗಾಡಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದೂ ಹೇಳಿದರು.

"ಮೀನಿಗೆ ಕಾಲೆಲ್ಲಿದೆ ತಾತ?" ಅಂದಳು ಚೂಟಿ.

ಚೂಟಿಯ ಅಮ್ಮನಿಗೆ ತಪ್ಪು ಎಲ್ಲಿದೆ ಎಂಬುದು ನಿಧಾನವಾಗಿ ಕಂಡದ್ದು ಹೊಲಿಗೆಯಲ್ಲೇ. ಒಬ್ಬ ಹುಡುಗನ ಅಂಗಿಗೆ ತೋಳು ಕತ್ತರಿಸುತ್ತಿದ್ದಳು. ಮೈಯ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ ಎಂಬುದು ಅವಳು ಕಲಿತ ಮೊದಲ ಪಾಠ. ಎದೆ ಇಪ್ಪತ್ನಾಲ್ಕು ಇಂಚು ಎಂದು ಅಂಗಿಯನ್ನೂ ಇಪ್ಪತ್ನಾಲ್ಕಕ್ಕೇ ಕತ್ತರಿಸಿದರೆ ಹುಡುಗ ಅದನ್ನು ತೊಟ್ಟು ನಿಲ್ಲಬಹುದು, ಚೆಂಡು ಎಸೆಯಲಾರ. ಎಷ್ಟು ಬಟ್ಟೆ ಎನ್ನುವುದಕ್ಕಿಂತ ಆ ಬಟ್ಟೆ ಎತ್ತ ಹರಡಿದೆ ಎನ್ನುವುದು ಮುಖ್ಯ. ಎರಡು ಮೀಟರಿನಲ್ಲಿ ಕಾಲು ಬೀಸಿ ಓಡುವ ಫ್ರಾಕೂ ಆಗುತ್ತದೆ, ಹೆಜ್ಜೆ ಎತ್ತಲಾಗದ ಚೀಲವೂ ಆಗುತ್ತದೆ. ಮೀನಿಗೆ ಕೊಟ್ಟದ್ದು ಚೀಲ. ಮಾವ ಕೂರುವ ಜಾಗ ಅಳೆದಿದ್ದರು. ಈ ಮೀನುಗಳು ಕೂರುವ ಜಾತಿಯವಲ್ಲ.

ಆದರೆ ಇದನ್ನು ಹೇಳುವುದು ಹೇಗೆ? ಮಾವ ಬೆಳಿಗ್ಗೆ ಎದ್ದರೆ ತೊಟ್ಟಿಯ ಮುಂದೆ, ಚಹಾ ಕುಡಿಯುವುದು ತೊಟ್ಟಿಯ ಮುಂದೆ. ಬಟ್ಟೆ ಕೊಡಲು ಬಂದವರಿಗೆಲ್ಲ ಡಬಲ್ ಡೆಕ್ಕರಿನ ಕತೆ ಹೇಳಿಯಾಗಿತ್ತು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯಲ್ಲ ಅವರು; ಆದರೂ ಮುಖದ ಮೇಲೆ ಹೇಳಿದರೆ ಆ ಬೆರಳು ಇನ್ನೊಮ್ಮೆ ಗಾಜು ತಟ್ಟಲಿಕ್ಕಿಲ್ಲ. ಅವಳು ಒಲೆಯ ಮೇಲಿದ್ದದ್ದನ್ನು ಇಳಿಸಿ, ಕೈ ಒರೆಸಿಕೊಂಡು ಬಂದು, ಗುರುವಾರ ಮಧ್ಯಾಹ್ನ ಮಿಷನ್ನಿನ ಮುಂದೆ ಕೂತು, ಕಾಲರಿಗೆ ಹೊಲಿಗೆ ಹಾಕುತ್ತಲೇ ಕೇಳಿದಳು.

"ಮಾವ, ನನಗೊಂದು ಲೆಕ್ಕ ಬೇಕಿತ್ತು. ಒಂದು ಮೀನು ನಿಮಿಷಕ್ಕೆ ಎಷ್ಟು ಸಲ ತಿರುಗುತ್ತೆ ಅಂತ. ನನ್ನ ಕಣ್ಣಿಗೆ ಸಿಗ್ತಾ ಇಲ್ಲ, ನಿಮಗಾದ್ರೆ ಎಣಿಸೋದು ಅಭ್ಯಾಸ."

ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ತಲೆ ಎಣಿಸಿದವರಿಗೆ ಇದೇನು ಮಹಾ. ಮಾವ ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು, ಎಲ್ಲಕ್ಕಿಂತ ಚುರುಕಾದ ಒಂದನ್ನು ಆರಿಸಿಕೊಂಡರು. ಐವತ್ತೆರಡು. ನಂಬಿಕೆ ಬರಲಿಲ್ಲ, ಇನ್ನೊಂದನ್ನು ಎಣಿಸಿದರು. ನಲವತ್ತೊಂಬತ್ತು. ಮೂರನೆಯದನ್ನು ಎಣಿಸುವಾಗ ಅವರ ತುಟಿ ಅಲ್ಲಾಡುವುದು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಶಾಲೆಯಿಂದ ಬಂದ ಚೂಟಿ ವಿಷಯ ಕೇಳಿ, ಡಾಕ್ಟರ ಹತ್ತಿರ ಇವು ಹೀಗಿರಲಿಲ್ಲ ಅಂದಳು. ಅಲ್ಲಿ ಒಂದು ಮೀನಿನ ಮೇಲೆ ಕಣ್ಣಿಟ್ಟು ಅವಳು ಎಂಟರವರೆಗೆ ಎಣಿಸಿದರೂ ಅದು ತಿರುಗುತ್ತಲೇ ಇರಲಿಲ್ಲವಂತೆ, ಹೋಗುತ್ತಲೇ ಇತ್ತಂತೆ.

ಮಾವ ಬೆಂಚಿಗೆ ಹೋಗಿ ಕೂತರು. ಚಹಾ ಮುಂದಿಟ್ಟರೂ ಕುಡಿಯಲಿಲ್ಲ. ಡಿಪೋದ ಹಿಂಭಾಗದ ಇಕ್ಕಟ್ಟಿನಲ್ಲಿ ಬಸ್ಸು ತಿರುಗಿಸಬೇಕಾಗಿ ಬಂದಾಗ ತಮ್ಮ ಡ್ರೈವರ್ ಹೇಗಿರುತ್ತಿದ್ದ ಎಂದು ಹೇಳತೊಡಗಿದರು. ದಿನವಿಡೀ ನೂರು ಮೈಲಿ ಓಡಿಸಿ ಬಂದರೂ ಹಾಡು ಗುನುಗುತ್ತಿದ್ದವನು, ಆ ಹತ್ತು ನಿಮಿಷದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿ, ಭುಜ ಹಿಡಿದುಕೊಂಡು, ಕಂಡಕಂಡವರ ಮೇಲೆ ಹರಿಹಾಯುತ್ತಿದ್ದನಂತೆ. ಆಮೇಲೆ ಮಾವ ತೊಟ್ಟಿಯ ಕಡೆ ಕೈ ತೋರಿಸಿದರು.

"ನಾನು ಇವನ್ನ ಪ್ಯಾಸೆಂಜರ್ ಅನ್ಕೊಂಡೆ ಕಣಮ್ಮ. ಇವು ಬಸ್ಸು. ಬಸ್ಸಿಗೆ ಬೇಕಾದ್ದು ಸೀಟಲ್ಲ, ರೋಡು."

"ತಪ್ಪು ನಿಮ್ಮೊಬ್ಬರದೇ ಅಲ್ಲ ಮಾವ," ಅಂದಳು ಅವಳು. "ಆ ಚೌಕ ಬರೆದವಳು ನಾನು. ಒಂದಡಿ ಕೊಟ್ಟು ರೋಡು ತನ್ನಿ ಅಂದ್ರೆ ನೀವಾದ್ರೂ ಎಲ್ಲಿಂದ ತರ್ತೀರಿ?"

ಹೇಳಿದ ಮೇಲೆ ಅವಳಿಗೇ ಮನಸ್ಸು ಹಗುರಾಯಿತು. ಮಾವ ಎದ್ದು ಟೇಪು ಕೇಳಿದರು.

ಮೂವರೂ ಸೇರಿ ಮನೆಯನ್ನೆಲ್ಲ ಅಳೆದರು. ಒಳಗಿನ ಕೋಣೆಯ ನೆಲವೆಲ್ಲ ರಾತ್ರಿ ಹಾಸಿಗೆಗೆ ಬೇಕು. ಬೀರುವಿನ ತಲೆ ಎತ್ತರವಾಯಿತು. ಅಡಿಗೆಮನೆಯ ಕಟ್ಟೆಯ ಪಕ್ಕ ಒಲೆಯ ಬಿಸಿ. ಕಿಟಕಿಯ ಹತ್ತಿರ ಬಿಸಿಲು ಬಿದ್ದು ನೀರು ಹಸಿರಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಕತ್ತರಿಸುವ ಮೇಜನ್ನು ಕೊಟ್ಟರೆ ಊಟಕ್ಕೇನು ಗತಿ? ಕೊನೆಗೆ ಉಳಿದದ್ದು ಬೆಂಚು. ನೆರಳಿನ ಗೋಡೆ, ಮೂರೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ತೊಲೆಯಂಥ ಕಾಲುಗಳು. ಗಿರಾಕಿಗಳು ಕೂರುವುದು ಅಲ್ಲೇ. ಸಂಜೆಯ ಹೊತ್ತು ಮಾವ ಬಾಗಿಲಾಚೆಯ ರಸ್ತೆ ನೋಡುತ್ತಾ ಕೂರುವುದೂ ಅಲ್ಲೇ. ಅವಳು ಅದನ್ನೂ ಅಳೆದಳು. ಮಾವ ಬೆಂಚಿನ ಮೇಲಿದ್ದ ತಮ್ಮ ದಿಂಬನ್ನು ತಾವೇ ಎತ್ತಿ ಬಗಲಲ್ಲಿಟ್ಟುಕೊಂಡರು.

"ಸರ್ವೀಸೆಲ್ಲ ನಿಂತೇ ಕಳೆದಿದ್ದೀನಿ, ಒಂದು ಕುರ್ಚಿ ಸಾಕು ನನಗೆ. ಆದ್ರೆ ಇದು ತೂಕ ತಡೆಯುತ್ತಾ ನೋಡ್ಬೇಕು."

ಅವಳು ಕಾಗದದ ಮೇಲೆ ಲೆಕ್ಕ ಹಾಕಿದಳು. ಮೀನು ಈಗ ಒಂದಿಂಚು; ಎರಡಿಂಚಾಗುತ್ತದೆ ಎಂದು ನರ್ಸಕ್ಕ ಹೇಳಿದ್ದಾಳೆ. ಬೆಳೆಯುವ ಮಗುವಿಗೆ ಒಳಗೆ ಬಟ್ಟೆ ಬಿಟ್ಟು ಹೊಲಿಯುವ ಹಾಗೆ ಇವಕ್ಕೂ ಬಿಡಬೇಕು. ಎರಡಡಿಯ ತೊಟ್ಟಿ ಈಗಿನ ಮಟ್ಟಿಗೆ ಸಾಕು, ಮುಂದಿನ ವರ್ಷ ಬಿಗಿ. ಮೂರಡಿ ಇರಲಿ, ಉದ್ದ ಮೂರು, ಅಗಲ ಒಂದು, ಎತ್ತರ ಒಂದೇ ಸಾಕು. ಎಂಬತ್ತು ಲೀಟರ್ ನೀರು ಅಂದರೆ ಎಂಬತ್ತು ಕಿಲೋ, ಗಾಜಿನದು ಬೇರೆ, ತಳದ ಮರಳು ಬೇರೆ. ನೂರು ದಾಟುತ್ತದೆ. ಮಾವ ಅರವತ್ತು, ತಾನು ಐವತ್ತೈದು, ಚೂಟಿ ಇಪ್ಪತ್ತು. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತರು. ಕೂತು, ಉಸಿರು ಹಿಡಿದು, ಕಿವಿಗೊಟ್ಟರು. ಬೆಂಚು ಕಿರ್ ಅನ್ನಲಿಲ್ಲ. ಚೂಟಿ ಎರಡು ಸಲ ಕುಪ್ಪಳಿಸಿಯೂ ನೋಡಿದಳು. ಅದೇ ಹೊತ್ತಿಗೆ ಯೂನಿಫಾರ್ಮು ಕೇಳಲು ಬಂದ ಪಕ್ಕದ ಬೀದಿಯ ಹೆಂಗಸು, ಮನೆಮಂದಿಯೆಲ್ಲ ಮಾತಿಲ್ಲದೆ ಗೋಡೆಗೆ ಬೆನ್ನು ಕೊಟ್ಟು ಕೂತದ್ದನ್ನು ನೋಡಿ, ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದುಕೊಂಡು ಮೆತ್ತಗೆ ಹಿಂದಿರುಗಿದಳು. ಅವಳನ್ನು ಕರೆದು ಸಮಜಾಯಿಷಿ ಹೇಳುವಷ್ಟರಲ್ಲಿ ಸಾಕಾಯಿತು.

ಶುಕ್ರವಾರ ಮೀನುಗಳನ್ನು ಚೂಟಿ ಕೂಸಾಗಿದ್ದಾಗ ಮೀಯುತ್ತಿದ್ದ ಅಗಲದ ಟಬ್ಬಿಗೆ, ಅವುಗಳ ನೀರಿನ ಸಮೇತ, ಸ್ಪಂಜಿನ ಸಮೇತ ಇಳಿಸಿದರು. ಮೇಲೆ ಹಳೆಯ ಪರದೆಯ ಬಲೆ ಬಿಗಿದರು. ಬಲೆಯ ಕಿಂಡಿಗೆ ಕಣ್ಣಿಟ್ಟ ಚೂಟಿ, ಟಬ್ಬಿನಲ್ಲೇ ಅವು ಎಷ್ಟೋ ನೆಮ್ಮದಿಯಾಗಿವೆ ಎಂದು ವರದಿ ಕೊಟ್ಟಳು. ಮಾವ ಗೋಪುರವನ್ನು ಮತ್ತೆ ಆಟೋಗೆ ಏರಿಸಿದರು. ಅಂಗಡಿಯವನು ಗೊಣಗದೆ ಬದಲಾಯಿಸಿಕೊಟ್ಟನಂತೆ. ಎತ್ತರದ ತೊಟ್ಟಿಗೆ ಬೇರೆ ಜಾತಿಯ ಮೀನುಗಳಿವೆ, ಚಪ್ಪಟೆಯಾಗಿ, ಉದ್ದ ರೆಕ್ಕೆ ಬಿಟ್ಟುಕೊಂಡು ನಿಂತಲ್ಲೇ ನಿಲ್ಲುವಂಥವು, ಅವುಗಳ ಗಿರಾಕಿ ಸಿಗುತ್ತಾರೆ ಎಂದನಂತೆ. ಯಾವ ಮೀನು ಅಂತ ನೀವು ಮೊದಲೇ ಹೇಳಬೇಕಿತ್ತು ಎಂದೂ ಅಂದನಂತೆ. ಅದನ್ನು ಮಾವ ತಾವಾಗಿಯೇ ಸೊಸೆಗೆ ಹೇಳಿದರು, ಅರ್ಧ ನಗುತ್ತಾ. ಎಷ್ಟು ಜನ ಎಂದು ಹೇಳಿದ್ದರೇ ಹೊರತು ಯಾರು ಎಂದು ಹೇಳಿರಲಿಲ್ಲ.

ಬೆಂಚಿನ ಮೇಲೆ ದಪ್ಪ ಬಟ್ಟೆಯ ಎರಡು ಪದರ ಹಾಸಿ ತೊಟ್ಟಿ ಇಟ್ಟರು. ಕಾಲು ಸಮವಿದೆಯೇ ಎಂದು ತಟ್ಟೆಯಲ್ಲಿ ನೀರಿಟ್ಟು ನೋಡಿ, ಒಂದು ಕಾಲಿನ ಕೆಳಗೆ ಮಡಚಿದ ಕ್ಯಾನ್ವಾಸಿನ ಚೂರು ಸೇರಿಸಿದ್ದಾಯಿತು. ಬಕೆಟ್ ಬಕೆಟ್ ನೀರು ಹೊತ್ತು ತುಂಬಿದರು. ಒಂದು ದಿನ ನೀರು ಸುಮ್ಮನೆ ನಿಂತಿತು. ಶನಿವಾರ ಸಂಜೆ ಟಬ್ಬಿನ ನೀರಿನೊಡನೆ, ಸ್ಪಂಜಿನೊಡನೆ, ಒಂದೊಂದಾಗಿ ಮೀನುಗಳನ್ನು ಬಿಟ್ಟರು. ಹರಿದ ಬಾಲದ್ದನ್ನು ಕೊನೆಗೆ.

ಮೊದಲು ಅವು ಹಳೆಯ ಅಭ್ಯಾಸದಂತೆ ಒಂದಡಿ ಓಡಿ ತಿರುಗಿದವು. ಮತ್ತೆ ಒಂದಡಿ. ಚೂಟಿಯ ಅಮ್ಮ ಗಾಜಿನತ್ತ ಇನ್ನಷ್ಟು ಬಾಗಿದಳು. ಇಷ್ಟೆಲ್ಲ ಮಾಡಿ ಇವಕ್ಕೆ ಓಡುವುದೇ ಮರೆತುಹೋಗಿದ್ದರೆ? ಆಮೇಲೆ ಒಂದು ಮೀನು ತಿರುಗಬೇಕಾದಲ್ಲಿ ತಿರುಗಲಿಲ್ಲ. ಗಾಜು ಎದುರಾಗಲಿಲ್ಲವೆಂದು ಅದಕ್ಕೇ ಆಶ್ಚರ್ಯವಾದಂತೆ ಕ್ಷಣ ತಡೆದು, ನೇರ ಮುಂದಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ. ಮಾವ ಕೈಗಡಿಯಾರ ತೆಗೆಯಲಿಲ್ಲ, ಎಣಿಸಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತರು.

ಭಾನುವಾರ ನರ್ಸಕ್ಕ ಬಂದಾಗ ಕೂರಲು ಬೆಂಚಿಲ್ಲದೆ, ನಿಂತೇ ನೋಡಿದಳು. ಬಹಳ ಹೊತ್ತು ನೋಡಿದಳು. ಹತ್ತೂ ಒಂದೇ ಸಾಲಿನಲ್ಲಿ, ನೀಲಿ ದಾರವೊಂದನ್ನು ಈ ತುದಿಯಿಂದ ಆ ತುದಿಗೆ ಎಳೆದಂತೆ ಹೋಗಿ, ಒಟ್ಟಿಗೆ ತಿರುಗಿ ಬರುತ್ತಿದ್ದವು. ಹರಿದ ಬಾಲದ್ದು ಸ್ವಲ್ಪ ಹಿಂದಿತ್ತು, ಆದರೆ ಸಾಲಿನಲ್ಲೇ ಇತ್ತು. ಅದನ್ನು ಯಾರೂ ಅಟ್ಟುತ್ತಿರಲಿಲ್ಲ. ಬಾಲ ಬೆಳೆಯುತ್ತದೆ, ಎರಡು ವಾರ ಸಾಕು ಎಂದಳು. ವಾರಕ್ಕೊಮ್ಮೆ ಎಷ್ಟು ನೀರು ಬದಲಿಸಬೇಕು, ಚಿಟಿಕೆಗಿಂತ ಹೆಚ್ಚು ಆಹಾರ ಯಾಕೆ ಹಾಕಬಾರದು ಎಂದು ಮಾವನಿಗೆ ಹೇಳಿದಳು. ಅವರು ಟಿಕೆಟಿನ ಹಿಂಬದಿಯಲ್ಲಿ ಬರೆದುಕೊಳ್ಳುವವರಂತೆ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡರು. ಆ ಎತ್ತರದ ತೊಟ್ಟಿ ಇವಕ್ಕೆ ಆಗದು ಎಂದು ಹಿಂದಿನ ವಾರವೇ ಹೇಳಬೇಕೆಂದಿದ್ದೆ ಎಂದು ನರ್ಸಕ್ಕ ಚೂಟಿಯ ಅಮ್ಮನ ಹತ್ತಿರ ಮೆಲ್ಲಗೆ ಒಪ್ಪಿಕೊಂಡಳು. ಬಾಗಿಲ ಹತ್ತಿರ ಹೋಗಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ, ಚೂಟಿಯ ಕಡೆ ತಿರುಗಿದಳು.

"ಬ್ಯಾಂಕಿನವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳ್ತೀನಿ, ಆಯ್ತಾ?"

ಚೂಟಿ ಕುಣಿಯಲಿಲ್ಲ, ಕೂಗಲಿಲ್ಲ. ತಲೆಯಾಡಿಸಿ, ನರ್ಸಕ್ಕ ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು, ಒಳಗೆ ಬಂದು ಒಂದು ಪೆನ್ಸಿಲು ಕೇಳಿದಳು. ಮೀನುಗಳಿಗೆ ಹೆಸರಿಡಬೇಕಂತೆ. ಇಷ್ಟು ದಿನ ಯಾಕೆ ಇಟ್ಟಿರಲಿಲ್ಲ ಎಂದು ಅಮ್ಮ ಕೇಳಿದ್ದಕ್ಕೆ, ಹೋಗಿಬಿಡುವವಕ್ಕೆ ಹೆಸರಿಟ್ಟರೆ ಆಮೇಲೆ ಕಷ್ಟ ಅಂದಳು. ಅಮ್ಮ ಪೋಣಿಸುತ್ತಿದ್ದ ಸೂಜಿಯನ್ನು ಕೆಳಗಿಟ್ಟು, ಪೆನ್ಸಿಲಿನ ಜೊತೆಗೆ ಒಂದು ಹಾಳೆಯನ್ನೂ ಹುಡುಕಿಕೊಟ್ಟಳು.

ತಾತ ಸೂಚಿಸಿದ ಹೆಸರುಗಳೆಲ್ಲ ಬಸ್ಸಿನ ರೂಟ್ ನಂಬರುಗಳಾದ್ದರಿಂದ ಅವನ್ನು ಚೂಟಿ ಒಪ್ಪಲಿಲ್ಲ. ತಾನೇ ಯೋಚಿಸಿ ಹತ್ತು ಬರೆದಳು. ಬರೆದು, ತೊಟ್ಟಿಯ ಮುಂದೆ ಮೊಣಕಾಲೂರಿ, ಒಂದೊಂದನ್ನೇ ತೋರಿಸಿ ಹೆಸರು ಹಂಚತೊಡಗಿದಳು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಸಾಲು ಆ ತುದಿಗೆ ಹೋಗಿ ತಿರುಗಿ ಬಂದಿತ್ತು, ಮೊದಲನೆಯದು ಯಾವುದೆಂದು ಗೊತ್ತಾಗಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು.